ಸೂಜಿಗೆ ಹೋಮಿಯೋಪಥಿ ಅಂತ ಹೆಸರಿಟ್ಟರೆ ಆಯಿತಾ, ವೈನಿ?

ಸುನಂದಾ ವೈನಿ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಪೋಸ್ಟರ್ ಈಗ ನೋಡಿದೆ. ಮುಖಕ್ಕೆ ಹೋಮಿಯೋಪಥಿ ಇಂಜೆಕ್ಷನ್, ಎಂಟು ಸಿಟ್ಟಿಂಗ್, ಹತ್ತು ವರ್ಷ ಚಿಕ್ಕವರಾಗಿ ಕಾಣಿ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ. ಕೆಳಗೆ ನಿಮ್ಮ ಪ್ರಶ್ನೆ: ಮಗಳ ಲಗ್ನಕ್ಕೆ ಮೊದಲು ಮಾಡಿಸಿಕೊಳ್ಳಲಾ, ಹೋಮಿಯೋಪಥಿ ತಾನೇ, ಏನೂ ಆಗಲ್ಲ ಅಲ್ವಾ ಅಂತ. ಅದಕ್ಕೆ ಆಗಲೇ ಅರ್ಧ ಖಾನ್ದಾನ ಹೆಬ್ಬೆರಳು ಎತ್ತಿ ಕೂತಿದೆ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ನನ್ನ ಔಷಧ ಅಂಗಡಿ ಮುಚ್ಚುವ ಹೊತ್ತಾಗುತ್ತೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ. ರೊಟ್ಟಿ ಬಡಿಯುತ್ತಾ ಕೇಳಿ.

ಮೊದಲೇ ಹೇಳಿಬಿಡುತ್ತೇನೆ, ಬೇಡ. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.

ಮಲ್ಲಣ್ಣ ಕಾಕಾ, ನೀವು ಸಿಟ್ಟಾಗುವ ಮೊದಲು ಪೂರ್ತಿ ಕೇಳಿ. ನಿಮ್ಮ ಸಿಹಿ ಗುಳಿಗೆ ಡಬ್ಬಿಗೆ ನಾನು ಕೈ ಹಾಕುತ್ತಿಲ್ಲ. ಅದರಿಂದ ಗುಣ ಆಗುತ್ತೆ ಅಂತ ನಾನು ನಂಬುವುದಿಲ್ಲ, ಅದು ನಿಮಗೂ ಗೊತ್ತು. ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಇದ್ದಬದ್ದ ಅಧ್ಯಯನಗಳನ್ನೆಲ್ಲ ತಿರುವಿಹಾಕಿ, ಹೋಮಿಯೋಪಥಿ ಕೆಲಸ ಮಾಡುತ್ತೆ ಅಂತ ನಂಬುವಂಥ ಆಧಾರ ಯಾವ ಕಾಯಿಲೆಗೂ ಸಿಗಲಿಲ್ಲ ಅಂತ ಹೇಳಿತು. ಆದರೆ ಇವತ್ತಿನ ಮಾತು ಅದಲ್ಲ. ಸಿಹಿ ಗುಳಿಗೆ ನಾಲಿಗೆ ಮೇಲೆ ಇಟ್ಟರೆ ಕರಗಿ ಹೋಗುತ್ತೆ. ಹೆಚ್ಚೆಂದರೆ ಏನೂ ಆಗಲ್ಲ. ನಮ್ಮ ಮನೆಯಲ್ಲಿ ಹೋಮಿಯೋಪಥಿ ಅಂದ ತಕ್ಷಣ ಬರುವ ಧೈರ್ಯ ಇದೆಯಲ್ಲ, ಅದು ಈ ಗುಳಿಗೆಯಿಂದ ಬಂದ ಧೈರ್ಯ. ಪೋಸ್ಟರ್‌ನವರು ಅದೇ ಧೈರ್ಯವನ್ನು ಸದ್ದಿಲ್ಲದೆ ಸೂಜಿಗೆ ಅಂಟಿಸಿದ್ದಾರೆ. ನನ್ನ ತಕರಾರು ಅಲ್ಲಿ.

ನಮ್ಮ ದೇಶದ ಕಾಯ್ದೆ ಏನು ಹೇಳುತ್ತೆ ಗೊತ್ತಾ? 1945ರ ಔಷಧ ನಿಯಮಗಳಲ್ಲಿ ಹೋಮಿಯೋಪಥಿ ಔಷಧ ಅಂದರೆ ಏನು ಅಂತ ಬರೆದಿದ್ದಾರೆ. ಡಿ.ಫಾರ್ಮಾದಲ್ಲಿ, ಅಂದರೆ ಔಷಧ ಅಂಗಡಿಯವರ ಡಿಪ್ಲೊಮಾದಲ್ಲಿ, ಬಾಯಿಪಾಠ ಮಾಡಿಸಿದ್ದರು. ಹೋಮಿಯೋಪಥಿ ಪದ್ಧತಿಯಲ್ಲಿ ತಯಾರಾಗಬೇಕು, ಅದರ ಗ್ರಂಥಗಳಲ್ಲಿ ದಾಖಲಾಗಿರಬೇಕು, ಅದೂ ಇದೂ ಅಂತ ಹೇಳಿ ಕೊನೆಯಲ್ಲಿ ಒಂದು ತುಂಡು ವಾಕ್ಯ ಸೇರಿಸಿದ್ದಾರೆ: ಇಂಜೆಕ್ಷನ್ ಮೂಲಕ ಕೊಡುವ ಔಷಧ ಇದರಲ್ಲಿ ಸೇರುವುದಿಲ್ಲ. ಅಂದರೆ ಸೂಜಿಗೆ ತುಂಬಿದ ಕ್ಷಣಕ್ಕೆ ಅದು ಕಾಯ್ದೆಯ ಲೆಕ್ಕದಲ್ಲಿ ಹೋಮಿಯೋಪಥಿ ಆಗಿ ಉಳಿಯಲ್ಲ. ನಮ್ಮ ಕಲಬುರಗಿಯಲ್ಲೇ ಹೋಮಿಯೋಪಥಿ ಕಾಲೇಜಿದೆ. ಬೇಕಾದರೆ ಅಲ್ಲಿ ಓದುವ ಯಾವ ಹುಡುಗನನ್ನಾದರೂ ಕೇಳಿ, ಹನಿ, ಗುಳಿಗೆ, ಪುಡಿ ಅಂತಾನೆ.

ಹಾಗಾದರೆ ಕಾಸ್ಮೆಟಿಕ್ ಅಂತ ಮಾರಬಹುದಲ್ಲ ಅಂತ ಪೂಜಾ ಕೇಳಿದ್ದಾಳೆ. ಜಾಣೆ. ಆದರೆ ಅದೂ ಆಗಲ್ಲ. 1940ರ ಕಾಯ್ದೆಯಲ್ಲಿ ಕಾಸ್ಮೆಟಿಕ್ ಅಂದರೆ ಮೈಮೇಲೆ ಉಜ್ಜುವುದು, ಸುರಿಯುವುದು, ಚಿಮುಕಿಸುವುದು, ಸ್ಪ್ರೇ ಮಾಡುವುದು, ಒಳಗೆ ಸೇರಿಸುವುದು, ಹಚ್ಚುವುದು. ಇಂಜೆಕ್ಷನ್ ಚುಚ್ಚುವುದನ್ನು ಔಷಧ ಇಲಾಖೆ ಆ ಪಟ್ಟಿಗೆ ಸೇರಿಸಲ್ಲ. ಚುಚ್ಚಿದರೆ ಅದು ಔಷಧ. ಔಷಧ ಅಂದ ಮೇಲೆ ಒಪ್ಪಿಗೆ ಬೇಕು, ಲೈಸೆನ್ಸ್ ಬೇಕು, ಕೊಡುವವರು ಡಾಕ್ಟರ್ ಆಗಿರಬೇಕು. ಪೋಸ್ಟರಿನಲ್ಲಿ ಡಾಕ್ಟರ ಹೆಸರೇ ಇಲ್ಲ. ಫೋನ್ ನಂಬರ್ ಮಾತ್ರ ದಪ್ಪಕ್ಷರದಲ್ಲಿ ಇದೆ.

ಒಂದ್ನಿಮಿಷ ಇರಿ, ಗಿರಾಕಿ ಬಂದರು... ಆ, ಆ ಬಿ.ಪಿ. ಗುಳಿಗೆ ಒಂದು ಪಟ್ಟಿ ಕೊಡಪ್ಪಾ ಅವರಿಗೆ... ಹೂಂ, ಎಲ್ಲಿದ್ದೆ?

ಆ ಆಂಪೂಲ್. ಪೋಸ್ಟರಿನ ಮೂಲೆಯಲ್ಲಿ ಆಂಪೂಲ್‌ಗಳ, ಅಂದರೆ ಇಂಜೆಕ್ಷನ್ ಔಷಧ ತುಂಬಿದ ಪುಟ್ಟ ಗಾಜಿನ ಶೀಷೆಗಳ ಫೋಟೋ ಇದೆ. ಹಿಗ್ಗಿಸಿ ನೋಡಿದೆ. ಕಂಪನಿ ಹೆಸರು ಮಸುಕು, ಆದರೆ ಪಕ್ಕದಲ್ಲಿ ಡಿ6, ಡಿ8, ಡಿ10 ಅಂತ ಸಾಲಾಗಿ ಬರೆದಿದ್ದು ಕಾಣುತ್ತೆ. ಇದು ಜರ್ಮನಿ ಕಡೆಯ ರೂಢಿ. ಅಲ್ಲಿ ರೆಕೆವೆಗ್ ಅಂತ ಒಬ್ಬ ಡಾಕ್ಟರ್ 1936ರಲ್ಲಿ ಕಂಪನಿ ಕಟ್ಟಿ, ಹತ್ತಾರು ಹೋಮಿಯೋಪಥಿ ದ್ರವಗಳನ್ನು ಬೆರೆಸಿ ಆಂಪೂಲ್‌ಗೆ ತುಂಬುವ ಪದ್ಧತಿ ಬೆಳೆಸಿದ. ಚರ್ಮಕ್ಕೆ ಅಂತ ಮಾಡುವ ಆ ಬಗೆಯ ಆಂಪೂಲ್‌ಗಳಲ್ಲಿ ಏನಿರುತ್ತೆ ಗೊತ್ತಾ ವೈನಿ? ಹಂದಿಯ ಚರ್ಮ, ಹಂದಿಯ ಮಾಸು, ಹಂದಿಯ ಪಿತ್ತಕೋಶ ಅಲ್ಲ, ತಪ್ಪಿದೆ, ಲಿವರ್. ಎಲ್ಲ ನೀರುನೀರು ಮಾಡಿ ಹಾಕಿರುತ್ತಾರೆ ಅನ್ನಿ, ಆದರೂ. ಶ್ರಾವಣದಲ್ಲಿ ಉಳ್ಳಾಗಡ್ಡಿ ಸಹ ಮುಟ್ಟದ ನಮ್ಮ ಮನೆಗೆ ಇದು ಗೊತ್ತಿರಲಿ ಅಂತ ಹೇಳಿದೆ.

ಔಷಧವನ್ನು ಎಷ್ಟು ತೆಳು ಮಾಡಿದ್ದಾರೆ ಅನ್ನುವ ಈ ಡಿ ಲೆಕ್ಕ ಸುಲಭ. ಡಿ4 ಅಂದರೆ 10 ಸಾವಿರ ಪಾಲಿನಲ್ಲಿ ಒಂದು ಪಾಲು ಔಷಧ. ಡಿ6 ಅಂದರೆ 10 ಲಕ್ಷದಲ್ಲಿ ಒಂದು. ಕಾಕಾ ತಗೊಳ್ಳುವ 30ಸಿ ಬೇರೆ ಲೋಕ, ಅಲ್ಲಿ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು. 12ಸಿ ದಾಟಿದರೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವುದು ಕಷ್ಟ. ಈಗ ಯೋಚಿಸಿ. ಆಂಪೂಲ್‌ನಲ್ಲಿ ಏನೂ ಉಳಿದಿಲ್ಲ ಅಂದರೆ ನೀವು ಸಾವಿರಾರು ರೂಪಾಯಿ ಕೊಟ್ಟು ಉಪ್ಪುನೀರು ಚುಚ್ಚಿಸಿಕೊಳ್ಳುತ್ತೀರಿ. ಉಪ್ಪುನೀರು ಅಂದರೆ ಸಲೈನ್, ನನ್ನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಇಲ್ಲ, ಏನೋ ಉಳಿದಿದೆ ಅಂದರೆ ಆ ಏನೋ ನಿಮ್ಮ ಕೆನ್ನೆಯೊಳಗೆ ಹೋಗುತ್ತೆ, ಅದು ಏನು ಅಂತ ಕೇಳಬೇಕಾಗುತ್ತೆ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ, ಆದರೆ ಪರಿಣಾಮ ಮಾತ್ರ ಇದೆ ಅಂತ ಎರಡನ್ನೂ ಒಟ್ಟಿಗೆ ಹೇಳಲಿಕ್ಕೆ ಆಗಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಜೂನ್‌ನಲ್ಲಿ ಇಂಥ ಹೋಮಿಯೋಪಥಿ ಇಂಜೆಕ್ಷನ್ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಕೆಲವದರ ಲೇಬಲ್ ಮೇಲೆ ಕಾಸರಕ, ಬೆಲ್ಲಡೋನಾ, ಪಾದರಸ, ಸೀಸ ಇತ್ತು. ಕಾಸರಕ ಅಂದರೆ ಸ್ಟ್ರಿಕ್‌ನಿನ್ ವಿಷದ ಮರ. ಎಫ್‌ಡಿಎ ಕೊಟ್ಟ ಕಾರಣ ನನಗೆ ಸರಿ ಅನಿಸುತ್ತೆ: ಬಾಯಿಂದ ಹೋದದ್ದಕ್ಕೆ ಹೊಟ್ಟೆ, ಲಿವರ್ ಅಂತ ಕಾವಲು ಇರುತ್ತೆ, ಸೂಜಿ ಅದನ್ನೆಲ್ಲ ದಾಟಿ ನೇರ ಒಳಗೆ ಹೋಗುತ್ತೆ.

ಮತ್ತೆ, ಔಷಧಕ್ಕಿಂತ ನನಗೆ ಸೂಜಿಯದ್ದೇ ಜಾಸ್ತಿ ಭಯ. ಮುಖದಲ್ಲಿ ಸಾಲಾಗಿ ಸಣ್ಣ ಸಣ್ಣ ಚುಚ್ಚು ಹಾಕುವ ಈ ವಿಧಾನಕ್ಕೆ ಮೀಸೋಥೆರಪಿ ಅಂತಾರೆ. 1952ರಲ್ಲಿ ಫ್ರಾನ್ಸಿನ ಪಿಸ್ತೋರ್ ಎಂಬ ಡಾಕ್ಟರ್ ಶುರು ಮಾಡಿದ್ದು, ಅದೂ ಮುಖದ ಚೆಂದಕ್ಕಲ್ಲ, ನೋವಿಗೆ. ಒಂದು ಸಿಟ್ಟಿಂಗ್‌ಗೆ ಹತ್ತಾರು ತೂತು. ಪ್ರತಿ ತೂತೂ ಒಂದು ಬಾಗಿಲು.

ಹೋದ ವರ್ಷ ಒಬ್ಬ ಹೆಣ್ಣುಮಗಳು ನಮ್ಮ ಅಂಗಡಿಗೆ ಮತ್ತೆ ಮತ್ತೆ ಬಂದು ಆಂಟಿಬಯೋಟಿಕ್ ಕೇಳುತ್ತಿದ್ದಳು. ಚೀಟಿ ಇಲ್ಲ. ಸೆರಗು ಸರಿಸಿ ತೋರಿಸು ತಾಯಿ ಅಂದೆ. ದವಡೆ ಗುಂಟ ಕೆಂಪು ಗಂಟುಗಳು, ಅಳತೆ ಇಟ್ಟು ಹಾಕಿದಂತೆ ಒಂದೇ ಅಂತರದಲ್ಲಿ. ಎರಡು ಒಡೆದು ತಿಳಿ ಕೀವು ಬರುತ್ತಿತ್ತು. ಮುಟ್ಟಿದರೆ ಅಷ್ಟೇನೂ ನೋವಿಲ್ಲ ಅಂದಳು. ಎಲ್ಲೋ ಮುಖಕ್ಕೆ ಗ್ಲೋ ಇಂಜೆಕ್ಷನ್ ಮಾಡಿಸಿಕೊಂಡು ತಿಂಗಳಾದ ಮೇಲೆ ಎದ್ದ ಗಂಟುಗಳು. ಗುಳಿಗೆ ಕೊಡದೆ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಕೀವು ಟೆಸ್ಟಿಗೆ ಹೋಯಿತು. ಬಂದದ್ದು ಟಿಬಿ ಬ್ಯಾಕ್ಟೀರಿಯಾದ ಕುಟುಂಬದ್ದೇ ಒಂದು. ನಳದ ನೀರಿನಲ್ಲಿ, ಮಣ್ಣಿನಲ್ಲಿ ಇರುತ್ತೆ. ಕುಡಿದರೆ, ತೊಳೆದುಕೊಂಡರೆ ಸಾಮಾನ್ಯವಾಗಿ ಏನೂ ಮಾಡಲ್ಲ, ಸೂಜಿ ಜೊತೆ ಚರ್ಮದೊಳಗೆ ಇಳಿದರೆ ಮಾತ್ರ ಬಿಡಲ್ಲ. ವಾರಗಟ್ಟಲೆ ಸುಮ್ನಿದ್ದು ಆಮೇಲೆ ಏಳುತ್ತೆ. ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗಲ್ಲ, ತಿಂಗಳುಗಟ್ಟಲೆ ಬೇರೆ ಔಷಧ ನುಂಗಬೇಕು. ಮೀಸೋಥೆರಪಿ ಮಾಡಿಸಿಕೊಂಡವರಲ್ಲಿ ಇದು ಗುಂಪುಗುಂಪಾಗಿ ಕಂಡದ್ದು ಬೇರೆ ದೇಶಗಳಲ್ಲೂ ದಾಖಲಾಗಿದೆ. ಗಂಟು ಇಳಿದರೂ ಕಲೆ ಉಳಿಯುತ್ತೆ. ಸುಕ್ಕಿಗೆ ಅಂತ ಹೋಗಿ ಕಲೆ ತಂದ ಹಾಗೆ.

ಇನ್ನೊಂದು ಹೇಳಿದರೆ ಹೆದರಿಸುತ್ತಿದ್ದೀಯಾ ಅಂತೀರಿ. ಹೆದರಿಸುತ್ತಿದ್ದೇನೆ, ಹೌದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಸೂಜಿ ಫೇಶಿಯಲ್ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಎಚ್‌ಐವಿ ಬಂದಿತ್ತು. ಅಲ್ಲಿಂದಲೇ ಬಂದಿರಬೇಕು ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಕೊಟ್ಟಿತು. ಅದು ಹೋಮಿಯೋಪಥಿ ಅಲ್ಲ, ಅವರದೇ ರಕ್ತ ತೆಗೆದು ಮಾಡುವ ಫೇಶಿಯಲ್. ಆದರೆ ಸೂಜಿಗೆ ಒಳಗೆ ಏನಿದೆ ಅನ್ನುವ ಭೇದ ಇಲ್ಲ.

ಚಿಗವ್ವ, ನೀವು ಬರೆದಿದ್ದೀರಿ, ನಿಮ್ಮ ಪರಿಚಯದವರು ಮಾಡಿಸಿಕೊಂಡು ಮಾರನೇ ದಿನವೇ ಮುಖ ತುಂಬಿಕೊಂಡು ಹೊಳೆಯುತ್ತಿತ್ತು ಅಂತ. ಸುಳ್ಳಲ್ಲ ಅದು. ಹತ್ತಾರು ಕಡೆ ಚುಚ್ಚಿ ನೀರು ತುಂಬಿದರೆ ಮುಖ ಊದಿಕೊಳ್ಳಲೇಬೇಕು. ಊದಿದಾಗ ಸಣ್ಣ ಗೆರೆ ಮುಚ್ಚಿಹೋಗುತ್ತೆ. ಬರೀ ಸೂಜಿ ಗಾಯಕ್ಕೇ ಚರ್ಮ ತನ್ನಷ್ಟಕ್ಕೆ ಒಂದಿಷ್ಟು ರಿಪೇರಿ ಕೆಲಸ ಶುರು ಮಾಡುತ್ತೆ, ಅದೂ ನಿಜ. ಊತ ಇಳಿದ ಮೇಲಿನ ಫೋಟೋ ಪೋಸ್ಟರಿನಲ್ಲಿ ಯಾಕಿರುತ್ತೆ? ಪಕ್ಕಪಕ್ಕ ಹಾಕಿದ ಆ ಎರಡು ಫೋಟೋ ನೋಡಿ, ಒಂದು ಟ್ಯೂಬ್‌ಲೈಟ್ ಕೆಳಗೆ, ಇನ್ನೊಂದು ಕಿಟಕಿ ಎದುರಿಗೆ. ಲಿಪ್‌ಸ್ಟಿಕ್ ಬೇರೆ ಹಚ್ಚಿದ್ದಾಳೆ.

ಸರಿ, ಬೇಡ ಅಂದರೆ ಸಾಕಾ, ಏನು ಮಾಡಬೇಕು ಹೇಳು ಅಂತೀರಿ. ವೈನಿ, ಈಗಲೇ ರವಿಕೆ ತೋಳು ಸ್ವಲ್ಪ ಸರಿಸಿ ತೋಳಿನ ಒಳಭಾಗ ನೋಡಿಕೊಳ್ಳಿ. ಆಮೇಲೆ ಕನ್ನಡಿಯಲ್ಲಿ ಮುಖ ನೋಡಿ. ಎರಡಕ್ಕೂ ಒಂದೇ ವಯಸ್ಸು. ನಡುವಿನ ವ್ಯತ್ಯಾಸದಲ್ಲಿ ಬಹುಪಾಲು ನಮ್ಮ ಕಲಬುರಗಿ ಬಿಸಿಲಿನದು. ಇಪ್ಪತ್ತು ವರ್ಷದಿಂದ ಶಾಲೆಗೆ ಸ್ಕೂಟಿ ಮೇಲೆ ಹೋಗುತ್ತಿದ್ದೀರಿ. ಸ್ಕಾರ್ಫ್ ಸುತ್ತಿಕೊಳ್ಳುತ್ತೀರಿ, ಒಳ್ಳೆಯದು, ಆದರೆ ಸುಕ್ಕು ಬರುವ ಕಣ್ಣಿನ ಸುತ್ತ, ಹಣೆ ಮೇಲೇ ತೆರೆದಿರುತ್ತೆ.

ಸನ್‌ಸ್ಕ್ರೀನ್ ಅಂದರೆ ಎಲ್ಲರೂ ಅಯ್ಯೋ ಇಷ್ಟೇನಾ ಅಂತಾರೆ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ನೋಡಿದರು. ಕೆಲವರಿಗೆ ದಿನಾ ಹಚ್ಚಿ ಅಂದರು, ಉಳಿದವರಿಗೆ ನಿಮ್ಮಿಷ್ಟ ಅಂದರು. ದಿನಾ ಹಚ್ಚುವ ಗುಂಪಿನಲ್ಲಿ ಚರ್ಮಕ್ಕೆ ವಯಸ್ಸಾಗುವುದು ಶೇ 24ರಷ್ಟು ಕಡಿಮೆ ಇತ್ತು. 2013ರಲ್ಲಿ ಪ್ರಕಟ ಆಯಿತು. ಎಸ್‌ಪಿಎಫ್ 30 ಅಥವಾ 50 ಇರುವುದು ತಗೊಳ್ಳಿ. ನೀವು ಹಚ್ಚುವ ಕಡಲೆಕಾಳಿನಷ್ಟು ಸಾಲಲ್ಲ. ಎರಡು ಬೆರಳಿನ ಉದ್ದಕ್ಕೂ ಹಿಂಡಿ, ಅಷ್ಟೂ ಮುಖ ಕುತ್ತಿಗೆಗೆ ಬೇಕು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೊಮ್ಮೆ.

ಗೆರೆ ಆಗಲೇ ಬಿದ್ದಿದೆ ಅಂದರೆ ಟ್ರೆಟಿನೊಯಿನ್ ಅಂತ ರಾತ್ರಿ ಹಚ್ಚುವ ಕ್ರೀಮ್ ಇದೆ. 1980ರ ದಶಕದಿಂದ ಪರೀಕ್ಷೆಗಳಲ್ಲಿ ಪಾಸಾಗುತ್ತಾ ಬಂದ ಔಷಧ. ಬಟಾಣಿ ಕಾಳಿನಷ್ಟು ಸಾಕು ಇದು, ಶುರುವಿಗೆ ಎರಡು ದಿನಕ್ಕೊಮ್ಮೆ. ಮೊದಲ ಕೆಲವು ವಾರ ಸಿಪ್ಪೆ ಏಳುತ್ತೆ, ಉರಿಯುತ್ತೆ, ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಅಲ್ಲೇ ಬಿಡುತ್ತಾರೆ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಲಗ್ನ ಇರುವುದು ಮಾಘದಲ್ಲಿ, ಈಗ ಶುರು ಮಾಡಿದರೆ ಸರಿಯಾಗುತ್ತೆ. ಬಸುರಿಯರಿಗೆ ಇದು ಬೇಡ, ರೇಖಾ, ನೀನು ಮುಟ್ಟಬೇಡ. ಮತ್ತೆ ಇದಕ್ಕೆ ಡಾಕ್ಟರ ಚೀಟಿ ಬೇಕು. ತಂಗಿ ಅಂಗಡಿಯಲ್ಲಿ ಇದ್ದಾಳೆ ಅಂತ ಸುಮ್ನೆ ಕೇಳಿದರೆ ಕೊಡಲ್ಲ.

ಪೂಜಾ, ಸುಕ್ಕಿಗೆ ಹಾಕುವ ಬೊಟಾಕ್ಸ್ ಸಹ ಸೂಜಿಯೇ ಅಲ್ವಾ ಅಂತ ನೀನು ಕೇಳಿದೆ. ಹೌದು, ಸೂಜಿ ಅಂದರೆ ನನಗೆ ವೈರ ಇಲ್ಲ. ಬೊಟಾಕ್ಸ್‌ನಲ್ಲಿ ಏನಿದೆ, ಎಷ್ಟು ಯೂನಿಟ್, ಯಾವ ಬ್ಯಾಚ್ ಅಂತ ಬಾಟಲಿ ಮೇಲೆ ಇರುತ್ತೆ. ಮೂರ್ನಾಲ್ಕು ತಿಂಗಳಲ್ಲಿ ಇಳಿಯುತ್ತೆ ಅಂತಲೂ ಅವರೇ ಹೇಳುತ್ತಾರೆ. ಅದಕ್ಕೂ ಅಡ್ಡಪರಿಣಾಮ ಇದೆ, ಅದನ್ನೂ ಅಚ್ಚು ಹಾಕಿರುತ್ತಾರೆ. ದುಡ್ಡಿದ್ದರೆ, ಬೇಕೇಬೇಕು ಅನಿಸಿದರೆ ಚರ್ಮದ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಲಿ.

ವೈನಿ, ಇಷ್ಟು ಕೇಳಿದ ಮೇಲೂ ಅಲ್ಲಿಗೆ ಹೋಗುವ ಮನಸ್ಸಿದ್ದರೆ ಮೊದಲು ಆಂಪೂಲ್‌ನ ಪೆಟ್ಟಿಗೆ ಕೈಗೆ ತಗೊಂಡು ನೋಡಿ. ಹೊರದೇಶದ ಔಷಧ ಇಲ್ಲಿ ಮಾರಬೇಕಾದರೆ ಪೆಟ್ಟಿಗೆ ಮೇಲೆ ಆಮದು ಲೈಸೆನ್ಸ್ ನಂಬರ್, ತರಿಸಿಕೊಂಡವರ ಹೆಸರು ವಿಳಾಸ, ಬ್ಯಾಚ್, ಎಕ್ಸ್‌ಪೈರಿ, ರೂಪಾಯಿಯಲ್ಲಿ ಎಂಆರ್‌ಪಿ ಇರಲೇಬೇಕು. ನಾಲ್ಕೂ ಬದಿ ಫೋಟೋ ತೆಗೆದು ನನಗೆ ಕಳಿಸಿ. ಪೆಟ್ಟಿಗೆ ತೋರಿಸಲ್ಲ ಅಂದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಚುಚ್ಚುವವರ ರಿಜಿಸ್ಟ್ರೇಷನ್ ನಂಬರ್ ಸಹ ಕೇಳಿ, ನಾಚಿಕೆ ಪಡಬೇಡಿ.

ಸೋಮವಾರ ನನಗೆ ಬೆಳಿಗ್ಗೆ ಬಿಡುವಿದೆ. ಜಿಮ್ಸ್ ಸರ್ಕಾರಿ ದವಾಖಾನೆಯ ಚರ್ಮದ ಒಪಿಡಿಗೆ ಇಬ್ಬರೂ ಹೋಗೋಣ, ಬೇಗ ಹೋದರೆ ಪಾಳಿ ಕಡಿಮೆ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ. ಈಗ ಮುಖಕ್ಕೆ ಹಚ್ಚುತ್ತಿರುವ ಎಲ್ಲ ಕ್ರೀಮಿನ ಟ್ಯೂಬ್‌ಗಳನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ, ಆ ಬೆಳ್ಳಗಾಗುವ ಕ್ರೀಮ್ ಸಹ. ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ನಾನು ಬಸ್ಸಿನಲ್ಲೇ ಓದಿ ಹೇಳುತ್ತೇನೆ.