ಸಹಾಯ ಬೇಕು: ಡಬ್ಬದಲ್ಲಿ ಸಿಕ್ಕ ಒಂದು ಚೀಟಿ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಗೆ ಆರೋಗ್ಯ ಮತ್ತು ಸಂಬಂಧಗಳ ಪಾಠ ಮಾಡ್ತಿದ್ದೀನಿ. ಮುಟ್ಟಿನ ಬಗ್ಗೆ ಹೇಳೋದು ಕಷ್ಟವಾಗಲಿಲ್ಲ. ಹದಿವಯಸ್ಸಿನಲ್ಲಿ ಚಕ್ರ 21ರಿಂದ 45 ದಿನದವರೆಗೂ ಇರಬಹುದು ಅಂದಾಗ ಎಷ್ಟೋ ಮುಖಗಳು ಹಗುರಾದವು.

ಹೆಸರು ಬರೆಯದೆ ಪ್ರಶ್ನೆ ಹಾಕಲು ಡಬ್ಬ ಇಟ್ಟಿದ್ದೆ. ಮಡಚಿ ಮಡಚಿ ಉಗುರಿನಷ್ಟಾಗಿದ್ದ ಒಂದು ಚೀಟಿ ಸಿಕ್ಕಿತು: "ಫೋಟೋ ಕಳಿಸಲ್ಲ ಅಂದ್ರೆ ಅವನು ಮಾತು ಬಿಡ್ತಾನೆ. ಏನ್ ಮಾಡ್ಲಿ ಮಿಸ್?" ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ.

ಕೈಬರಹ ನೋಡಿ ಹುಡುಕಿದರೆ ಮತ್ತೆ ಯಾರೂ ಚೀಟಿ ಹಾಕಲ್ಲ. ಸುಮ್ಮನಿರೋ ಹಾಗೂ ಇಲ್ಲ. ಆ ಮಗುವಿಗೆ ಮುಜುಗರವಾಗದಂತೆ ಇಡೀ ತರಗತಿಗೆ ಈ ವಿಷಯ ಹೇಗೆ ಹೇಳಲಿ? ಆಪ್ತ ಸಮಾಲೋಚಕರ ಹತ್ತಿರ ತಾನಾಗೇ ಹೋಗುವಂತೆ ಹೇಗೆ ಮಾಡಲಿ? ಹುಡುಗರೂ ಜೊತೆಗೇ ಕೂತು ಕೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಇಂಥ ಪಾಠ ಮಾಡಿದವರು ದಯವಿಟ್ಟು ತಿಳಿಸಿ, ಮುಂದಿನ ತರಗತಿ ಗುರುವಾರ ಇದೆ.