ಸಿಡಿ ಕೊಳ್ಳಬೇಕೋ, ಡೌನ್‌ಲೋಡ್ ಸಾಕೋ? ಹಿಂದೂಸ್ತಾನಿ ಸಂಗ್ರಹ ಶುರು ಮಾಡುತ್ತಿದ್ದೇನೆ, ಸಲಹೆ ಕೊಡಿ

ಶ್ರುತಿಪ್ರಿಯ, ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರ ಹಾಡುಗಾರಿಕೆಯನ್ನು ದುಡ್ಡು ಕೊಟ್ಟು ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಆಸೆ. ಇಷ್ಟು ದಿನ ಆ್ಯಪ್‌ನಲ್ಲೇ ಕೇಳುತ್ತಿದ್ದೆ. ಈಚೆಗೆ ನಾನು ದಿನಾ ಬೆಳಿಗ್ಗೆ ಹಚ್ಚುತ್ತಿದ್ದ ಒಂದು ಆಲ್ಬಂ ಇದ್ದಕ್ಕಿದ್ದಂತೆ ಮಾಯವಾಯಿತು. ಯಾಕೆ ಅಂತ ಎಲ್ಲೂ ಬರೆದಿಲ್ಲ. ಅದಕ್ಕೇ ಬಾಡಿಗೆ ಸಾಕು, ಸ್ವಂತದ್ದು ಇರಲಿ ಅನ್ನಿಸಿದೆ. ಸಿಡಿ ತಗೊಳ್ಳಲೋ, ಫೈಲ್ ಕೊಂಡು ಡೌನ್‌ಲೋಡ್ ಮಾಡಿಕೊಳ್ಳಲೋ? ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ. ಲ್ಯಾಪ್‌ಟಾಪ್‌ನಲ್ಲೂ ಡ್ರೈವ್ ಇಲ್ಲ.

ಮೂರ್ತಿ, ಬಸವನಗುಡಿ:
ಯೋಚನೆಯೇ ಬೇಡ, ಸಿಡಿ ತಗೊಳ್ಳಿ. ಅದು ನಿಮ್ಮ ವಸ್ತು. ಗೆಳೆಯರಿಗೆ ಕೇಳಲು ಕೊಡಬಹುದು, ಉಡುಗೊರೆ ಕೊಡಬಹುದು, ಬೇಡವಾದಾಗ ಮಾರಬಹುದು. ಡೌನ್‌ಲೋಡ್ ಅಂಗಡಿಗಳ ಷರತ್ತು ಓದಿ ನೋಡಿ. ಹೆಚ್ಚಿನ ಕಡೆ ನಿಮಗೆ ಕೊಡುವುದು ಕೇಳುವ ಪರವಾನಗಿ ಮಾತ್ರ.

ಅದಕ್ಕಿಂತ ದೊಡ್ಡ ಕಾರಣ ಒಳಗಿನ ಕಾಗದ. ತಬಲಾ ಯಾರು, ಹಾರ್ಮೋನಿಯಂ ಯಾರು, ತಂಬೂರಿ ಹಿಡಿದು ಹಿಂದಿನಿಂದ ದನಿಗೂಡಿಸಿದ ಶಿಷ್ಯರು ಯಾರು, ಯಾವ ತಾಳ, ಯಾವ ಊರಿನ ಕಛೇರಿ. ಒಳ್ಳೆಯ ಸಿಡಿಯಲ್ಲಿ ಇದೆಲ್ಲ ಇರುತ್ತದೆ. ಫೈಲ್‌ನಲ್ಲಿ ಗಾಯಕರ ಹೆಸರು, ರಾಗದ ಹೆಸರು, ಮುಗಿಯಿತು. ಎಷ್ಟೋ ಸಲ ರಾಗದ ಹೆಸರೂ ತಪ್ಪಾಗಿರುತ್ತದೆ. ಒಂದು ಗಂಟೆ ತಬಲಾದಲ್ಲಿ ಠೇಕಾ (ತಾಳದ ಆವರ್ತ) ಹಿಡಿದು ಕೂತ ಮನುಷ್ಯನ ಹೆಸರನ್ನೇ ಅಳಿಸುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಬೈಟ್ ಭಟ್ಟ:
ಮೂರ್ತಿ ಸರ್, ಕಾಗದದ ಮಾತು ಒಪ್ಪಿದೆ. ಆದರೆ ಸಂಗೀತ ಇರುವುದು ಕಾಗದದಲ್ಲಿ ಅಲ್ಲ ಅಲ್ವಾ? ಸಿಡಿ ಅಂದರೂ ಡಿಜಿಟಲ್ ಫೈಲೇ. ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದದ್ದು. ಅದನ್ನೇ ಫ್ಲ್ಯಾಕ್ ಫೈಲ್ ಮಾಡಿದರೆ ಒಂದು ಬಿಟ್ಟೂ ಕಳೆದುಹೋಗುವುದಿಲ್ಲ. ಗಾತ್ರ ಮಾತ್ರ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಂದು ಸಿಡಿ 300–400 ಎಂಬಿ ಅಂತ ಇಟ್ಟುಕೊಳ್ಳಿ. 128 ಜಿಬಿಯ ಪೆನ್‌ಡ್ರೈವ್‌ನಲ್ಲಿ ಸುಮಾರು 300 ಸಿಡಿ ಕೂರುತ್ತವೆ. ಬೀರು ಬೇಡ, ಧೂಳು ಇಲ್ಲ, ಕೆರೆತ ಇಲ್ಲ. ಶ್ರುತಿಪ್ರಿಯ ಅವರೇ, ಫ್ಲ್ಯಾಕ್ ಸಿಕ್ಕರೆ ಫ್ಲ್ಯಾಕ್ ಕೊಳ್ಳಿ. ಎಂಪಿ3 ಆದರೆ ಸೆಕೆಂಡಿಗೆ 320 ಕಿಲೋಬಿಟ್, ಅಂದರೆ 320 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬೇಡಿ.

ಮೂರ್ತಿ, ಬಸವನಗುಡಿ:
ಎಲ್ಲಿಂದ ಕೊಳ್ಳುವುದು ಹೇಳಿ ಭಟ್ಟರೇ. ಫ್ಲಿಪ್‌ಕಾರ್ಟ್‌ನವರು 2012ರಲ್ಲಿ ಫ್ಲೈಟ್ ಅಂತ ಹಾಡಿನ ಅಂಗಡಿ ತೆರೆದರು. 2013ರ ಜೂನ್‌ನಲ್ಲಿ ಮುಚ್ಚಿಯೇಬಿಟ್ಟರು. ಆ್ಯಪಲ್‌ನವರ ಹಾಡಿನ ಅಂಗಡಿ ಐಟ್ಯೂನ್ಸ್ ಭಾರತಕ್ಕೆ ಬಂದದ್ದೇ 2012ರ ಕೊನೆಗೆ. ಅಂಗಡಿಯನ್ನು ನಂಬಿ ಸಂಗ್ರಹ ಕಟ್ಟುವುದು ಹೇಗೆ?

ಬೈಟ್ ಭಟ್ಟ:
ಸಿಡಿ ಅಂಗಡಿಗಳೂ ಉಳಿಯಲಿಲ್ಲವಲ್ಲ ಸರ್. ಮ್ಯೂಸಿಕ್‌ವರ್ಲ್ಡ್ 2013ರಲ್ಲೇ ಬಾಗಿಲು ಹಾಕಿತು. ಮುಂಬೈನ ರಿದಮ್ ಹೌಸ್ 2016ರಲ್ಲಿ. ಫ್ಲೈಟ್ ಮುಚ್ಚುವಾಗ ಕೊಂಡವರಿಗೆ ಇಳಿಸಿಕೊಳ್ಳಲು ಸಮಯ ಕೊಟ್ಟಿದ್ದರು. ಅವತ್ತು ಇಳಿಸಿಕೊಂಡ ಎಂಪಿ3 ಇವತ್ತೂ ಹಾಡುತ್ತದೆ, ಏಕೆಂದರೆ ಅದಕ್ಕೆ ಬೀಗ (ಬೇರೆ ಸಾಧನದಲ್ಲಿ ಹಾಡದಂತೆ, ಪ್ರತಿ ಮಾಡದಂತೆ ತಡೆಯುವ ಏರ್ಪಾಡು) ಇಲ್ಲ. ಬೀಗ ಹಾಕಿದ ಫೈಲ್‌ಗಳ ಕತೆ ಬೇರೆ. ಐಟ್ಯೂನ್ಸ್ 2003ರಲ್ಲಿ ಶುರುವಾದಾಗ ಅದರ ಹಾಡುಗಳಿಗೆ ಬೀಗ ಇತ್ತು, 2009ರಲ್ಲಿ ತೆಗೆದರು. ಬೀಗ ಇದ್ದ ಫೈಲ್ ಕೊಳ್ಳಬೇಡಿ ಅನ್ನುವವರಲ್ಲಿ ನಾನೂ ಒಬ್ಬ. ಬೀಗ ಇಲ್ಲದ ಫೈಲ್ ನಿಮ್ಮ ಕೈಗೆ ಬಂತು ಅಂದರೆ ಅಂಗಡಿ ಇದ್ದರೇನು, ಹೋದರೇನು?

ಕೋಟದ ಹುಡುಗ:
ಇಬ್ಬರೂ ಒಂದು ವಿಷಯ ಬಿಟ್ಟಿರಿ ಮಾರಾಯ್ರೆ. ದುಂಡಗಿರುವುದೆಲ್ಲ ಆಡಿಯೋ ಸಿಡಿ ಅಲ್ಲ. ನಮ್ಮ ಕಡೆ ಯಕ್ಷಗಾನ, ತಾಳಮದ್ದಲೆ ಮೊದಲು ಕ್ಯಾಸೆಟ್‌ನಲ್ಲಿ ಬರುತ್ತಿತ್ತು, ಆಮೇಲೆ ಎಂಪಿ3 ಸಿಡಿಯಲ್ಲಿ. ಆಡಿಯೋ ಸಿಡಿಯಲ್ಲಿ ಹಿಡಿಯುವುದು 80 ನಿಮಿಷ. ತಾಳಮದ್ದಲೆಯ ಒಂದು ಪ್ರಸಂಗವೇ ಅದನ್ನು ಮೀರುತ್ತದೆ. 128 ಕೆಬಿಪಿಎಸ್ ಎಂಪಿ3 ಮಾಡಿದರೆ ಅದೇ ತಟ್ಟೆಯಲ್ಲಿ ಹನ್ನೆರಡು ಗಂಟೆ ಹಿಡಿಯುತ್ತದೆ. ಮಾತಿಗೆ ಅದು ಸಾಕು. ಆದರೆ ಚೆಂಡೆ ಬಿದ್ದಾಗ, ಚಕ್ರತಾಳ ಹೊಡೆದಾಗ ಆ ಎಂಪಿ3ಯಲ್ಲಿ ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸುತ್ತದೆ. 'ನೂರು ಹಾಡು, ಒಂದೇ ಸಿಡಿ' ಅಂತ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದದ್ದೂ ಇದೇ ಜಾತಿ. ಹಳೇ ಸಿಡಿ ಕೊಳ್ಳುವಾಗ ಆಡಿಯೋ ಸಿಡಿಯ ಗುರುತು ಇದೆಯಾ ನೋಡಿ. ಒಂದರಲ್ಲಿ ಎಂಬತ್ತು ನಿಮಿಷಕ್ಕಿಂತ ಜಾಸ್ತಿ ಇದೆ ಅಂದರೆ ಬಿಟ್ಟುಬಿಡಿ.

ತೀರ್ಥಹಳ್ಳಿ ಮಳೆ:
ಇನ್ನೊಂದು ಎಚ್ಚರಿಕೆ. ಸಣ್ಣ ಕಂಪನಿಗಳು ಕೆಲವು ಸಲ ಅಚ್ಚು ಹಾಕಿಸದೆ ಖಾಲಿ ಸಿಡಿಯಲ್ಲಿ ಬರ್ನ್ ಮಾಡಿ ಮಾರಿವೆ. ಅಚ್ಚಿನ ಸಿಡಿ ಬೆಳ್ಳಿ ಬಣ್ಣ. ಬರ್ನ್ ಮಾಡಿದ್ದರ ಕೆಳಭಾಗ ತೆಳು ಹಸಿರು ಅಥವಾ ನೀಲಿ ಛಾಯೆ ಹೊಡೆಯುತ್ತದೆ. ಅದರಲ್ಲಿರುವುದು ಬಣ್ಣದ ಪದರ. ಬಿಸಿಲು, ಸೆಖೆಗೆ ಅದು ಹಾಳಾಗುತ್ತದೆ.

ಕೆಳಗಿನ ಹೊಳೆಯುವ ಭಾಗಕ್ಕೆ ಗೀರು ಬಿದ್ದರೆ ಎಲ್ಲರೂ ಹೆದರುತ್ತಾರೆ. ಸುಮಾರು ಎರಡೂವರೆ ಮಿಲಿಮೀಟರ್ ತನಕ ಮಾಹಿತಿ ಹೋದರೂ ಪ್ಲೇಯರ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ನಿಜವಾಗಿ ಕಾಪಾಡಬೇಕಾದದ್ದು ಹೆಸರು ಅಚ್ಚಾಗಿರುವ ಮೇಲಿನ ಭಾಗ. ಅಲ್ಯುಮಿನಿಯಂ ಪದರ ಇರುವುದು ಅದರ ಅಡಿಯಲ್ಲೇ, ತೆಳುವಾದ ಅರಗಿನ ಲೇಪವಷ್ಟೇ ಅಡ್ಡ. ಅಲ್ಲಿ ಪೆನ್ನಿನ ಮೊನೆ ತಾಗಿದರೂ ಕೆಲಸ ಕೆಡುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಒಳಗಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ತಂಬೂರಿ:
ನಾನು ಹಾಡುವವಳು, ಒಂದು ಮಾತು. ಹಳೆಯ ಧ್ವನಿಮುದ್ರಣದ ವಿಷಯದಲ್ಲಿ ಸಿಡಿಯೋ ಫೈಲೋ ಅನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ, ಯಾವ ಕಾಲದ ಪ್ರತಿ ಅನ್ನುವುದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಹಿಡಿಯುತ್ತಿತ್ತು. ಅದರ ಮೇಲೆ ಸದಾ ಸರಸರ ಸದ್ದು. ಈಗ ಹೊಸದಾಗಿ ಬಿಡುಗಡೆ ಮಾಡುವಾಗ ಆ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ಒರೆಸುತ್ತಾರೆ. ಜಾಸ್ತಿ ಒರೆಸಿದರೆ ತಂಬೂರಿ ತಂತಿಯ ಝೇಂಕಾರ, ಅಂದರೆ ಜವಾರಿಯೂ ಅದರ ಜೊತೆ ಹೋಗುತ್ತದೆ. ಜವಾರಿಯೂ ಮೇಲಿನ ಸ್ಥಾಯಿಯಲ್ಲಿ ತೆಳ್ಳಗೆ ಹರಡಿಕೊಂಡ ನಾದ ತಾನೇ, ಯಂತ್ರಕ್ಕೆ ಸರಸರ ಯಾವುದು, ಜವಾರಿ ಯಾವುದು ಗೊತ್ತಾಗುವುದಿಲ್ಲ. ಉಸಿರು ತೆಗೆದುಕೊಳ್ಳುವ ಜಾಗವೂ ಸತ್ತ ಹಾಗಾಗುತ್ತದೆ. ಕಲಿಯುವವರಿಗೆ ಆ ಉಸಿರೇ ಪಾಠ. ಒಂದೇ ಹಾಡುಗಾರಿಕೆಯ ಹಳೇ ಸಿಡಿಯನ್ನೂ ಹೊಸ ಡೌನ್‌ಲೋಡನ್ನೂ ಪಕ್ಕಪಕ್ಕ ಇಟ್ಟು ಕೇಳಿ, ತಂಬೂರಿ ಯಾವುದರಲ್ಲಿ ತುಂಬಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ.

ಬೈಟ್ ಭಟ್ಟ:
ಮೇಡಂ, ಆದರೆ ಅದು ಡೌನ್‌ಲೋಡಿನ ತಪ್ಪಲ್ಲ, ಒರೆಸಿದವರ ತಪ್ಪು. ಕೆಟ್ಟದಾಗಿ ಒರೆಸಿದ ಸಿಡಿಗಳೂ ಬೇಕಾದಷ್ಟಿವೆ.

ತಂಬೂರಿ:
ಸರಿ. ಆದರೆ ಹಳೇ ಸಿಡಿಯನ್ನು ಯಾರೂ ಬಂದು ಬದಲಾಯಿಸಲಾರರು. ಆನ್‌ಲೈನ್ ಅಂಗಡಿಯಲ್ಲಿ ಹಳೇ ಪ್ರತಿ ತೆಗೆದು ಹೊಸದನ್ನು ಅದೇ ಹೆಸರಲ್ಲಿ ಇಟ್ಟರೆ ನಿಮಗೆ ತಿಳಿಯುವುದು ಹೇಗೆ?

ಸಾಗರದಾಚೆ, ಸ್ಯಾನ್ ಹೋಸೆ:
ಈಗ ಹಾಡುತ್ತಿರುವವರ ಬಗ್ಗೆಯೂ ಮಾತಾಡೋಣ. ಬ್ಯಾಂಡ್‌ಕ್ಯಾಂಪ್ ಅನ್ನುವ ಜಾಲತಾಣದಲ್ಲಿ ಕಲಾವಿದರೇ ನೇರವಾಗಿ ಮಾರುತ್ತಾರೆ. ಡಿಜಿಟಲ್ ಮಾರಾಟಕ್ಕೆ ಜಾಲತಾಣದವರು ಹಿಡಿದುಕೊಳ್ಳುವುದು ಶೇ. 15 ಮಾತ್ರ, ಮಾರಾಟ ಹೆಚ್ಚಾದರೆ ಶೇ. 10. ಫ್ಲ್ಯಾಕ್ ಸಿಗುತ್ತದೆ, ಬೀಗ ಇಲ್ಲ. ಇಲ್ಲಿಂದ ಬೆಂಗಳೂರಿನ ಹುಡುಗರ ಆಲ್ಬಂ ಕೊಂಡರೆ ಅಂಚೆ ಖರ್ಚೂ ಇಲ್ಲ. ಸಿಡಿ ತರಿಸಿದರೆ ಅದರ ಬೆಲೆಗಿಂತ ಅಂಚೆಯೇ ಜಾಸ್ತಿ. ಹಳಬರ ಸಂಗೀತ ಅಲ್ಲಿ ಕಡಿಮೆ, ನಿಜ.

ತಂಬೂರಿ:
ಕಛೇರಿ ಮುಗಿದ ಮೇಲೆ ಸಿಡಿ ಕೊಂಡವರು ಎರಡು ಮಾತಾಡಿ ಹೋಗುತ್ತಾರೆ, ಅದು ನಮಗೆ ಬೇಕು. ಈಚೆಗೆ 'ಹಾಕಿ ಕೇಳಲು ಏನೂ ಇಲ್ಲವಲ್ಲ' ಅನ್ನುವವರೇ ಹೆಚ್ಚು. ಅದಕ್ಕೆ ಡೌನ್‌ಲೋಡ್ ಕೋಡ್ ಇರುವ ಚೀಟಿ ಕೊಡುತ್ತೇನೆ. ಚೀಟಿಯ ಹಿಂದೆ ತಬಲಾ, ಹಾರ್ಮೋನಿಯಂ ನುಡಿಸಿದವರ ಹೆಸರು ಅಚ್ಚು ಹಾಕಿಸಿದ್ದೇನೆ.

ಬೈಟ್ ಭಟ್ಟ:
ಶ್ರುತಿಪ್ರಿಯ ಅವರಿಗೆ ಖರ್ಚು ಉಳಿಸುವ ದಾರಿ: ಹಳೇ ಸಿಡಿ ಕೊಳ್ಳಿ, ರಿಪ್ ಮಾಡಿ (ಅಂದರೆ ಅದರ ಹಾಡನ್ನು ಕಂಪ್ಯೂಟರಿಗೆ ಫೈಲ್ ಆಗಿ ಇಳಿಸಿಕೊಳ್ಳಿ), ಮತ್ತೆ ಮಾರಿ, ಆ ದುಡ್ಡಿಗೆ ಇನ್ನೊಂದು ಕೊಳ್ಳಿ.

ಮೂರ್ತಿ, ಬಸವನಗುಡಿ:
ಇದು ಸರಿಯಲ್ಲ ಭಟ್ಟರೇ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ನ್ಯಾಯವಾದ ಅವಕಾಶ ಕೊಡುತ್ತದೆ. ನನ್ನ ಸಿಡಿ, ನನ್ನ ಪ್ರತಿ, ನನ್ನ ಮನೆ. ಅಲ್ಲಿಗೆ ನನ್ನ ತಕರಾರಿಲ್ಲ. ಸಿಡಿ ಮಾರಿ ಪ್ರತಿ ಇಟ್ಟುಕೊಂಡರೆ ಒಂದೇ ವಸ್ತುವನ್ನು ಇಬ್ಬರು ಅನುಭವಿಸಿದ ಹಾಗಾಯಿತು. ಹಾಡಿದವರಿಗೆ ಒಮ್ಮೆ ಮಾತ್ರ ದುಡ್ಡು.

ಬೈಟ್ ಭಟ್ಟ:
ಹಳೇ ಸಿಡಿ ಮಾರಿದರೆ ಹೇಗೂ ಕಲಾವಿದರಿಗೆ ಬಿಡಿಗಾಸೂ ಹೋಗುವುದಿಲ್ಲ ಸರ್. ನೀವು ಮೆಚ್ಚುವ ಹಳೇ ಸಿಡಿ ಮಾರುಕಟ್ಟೆ ಪೂರ್ತಿ ಹಾಗೇ ನಡೆಯುತ್ತಿರುವುದು.

ತಂಬೂರಿ:
ಆದರೂ ಮೂರ್ತಿ ಸರ್ ಪಕ್ಷ ನಾನು. ಕೊಟ್ಟ ಮೇಲೆ ಪ್ರತಿಯನ್ನೂ ಅಳಿಸಬೇಕು.

ಕೋಟದ ಹುಡುಗ:
ನಾನು ಭಟ್ಟರ ಪಕ್ಷ. ರಿಪ್ ಮಾಡದೆ ಬೀರುವಿನಲ್ಲಿಟ್ಟು ಹಾಳಾದ ಸಿಡಿ ಯಾರಿಗೆ ಉಪಯೋಗ? ಎಷ್ಟೋ ತಾಳಮದ್ದಲೆ ಉಳಿದದ್ದು ಯಾರೋ ಕ್ಯಾಸೆಟ್‌ನಿಂದ ಯಾರೋ ಪ್ರತಿ ಮಾಡಿಕೊಂಡದ್ದರಿಂದ.

ಶ್ರುತಿಪ್ರಿಯ, ಹುಬ್ಬಳ್ಳಿ:
ಜಗಳ ಹಚ್ಚಿದ ಹಾಗಾಯ್ತಲ್ರೀ. ನಾನು ಸಿಡಿ ಮಾರುವುದಿಲ್ಲ, ಇಟ್ಟುಕೊಳ್ಳುತ್ತೇನೆ. ಹಳಬರದ್ದು ಸಿಡಿ, ಈಗಿನವರದ್ದು ಫ್ಲ್ಯಾಕ್ ಅಂತ ಅಂದುಕೊಂಡಿದ್ದೇನೆ. ರಿಪ್ ಮಾಡಲು ಏನು ಬೇಕು ಹೇಳಿ.

ಬೈಟ್ ಭಟ್ಟ:
ಯುಎಸ್‌ಬಿ ಡಿವಿಡಿ ರೈಟರ್ ಒಂದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ಇದೆ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡಿಲ್ಲ. ನಿಮ್ಮ ರಿಪ್ ಬೇರೆಯವರ ರಿಪ್‌ಗೆ ಹೊಂದುತ್ತದೆಯೇ ಅಂತ ಅದು ನೋಡುತ್ತದೆ. ಅಪರೂಪದ ಸಿಡಿಗಳು ಬೇರೆಯವರ ರಿಪ್‌ಗಳ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಆಗ ಎರಡು ಸಲ ರಿಪ್ ಮಾಡಿ, ಎರಡೂ ಒಂದೇ ಬಂದರೆ ಸರಿಯಾಗಿದೆ ಅಂತ ಅರ್ಥ. ಫೈಲ್‌ಗಳನ್ನು ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಒಂದೇ ಹಾರ್ಡ್‌ಡಿಸ್ಕ್ ನಂಬಿ ಕೂರಬೇಡಿ.

ಮೂರ್ತಿ, ಬಸವನಗುಡಿ:
ನನ್ನಲ್ಲಿರುವ ಮನ್ಸೂರರ ಸಿಡಿಗಳ ಒಳಗಿನ ಕಾಗದ ಸ್ಕ್ಯಾನ್ ಮಾಡಿ ಕಳಿಸುತ್ತೇನೆ. ನಿಮಗೆ ಸಿಕ್ಕ ಪ್ರತಿಯಲ್ಲಿ ಕಾಗದ ಇಲ್ಲದಿದ್ದರೆ ಅನುಕೂಲ.

ತಂಬೂರಿ:
ಸ್ಕ್ಯಾನ್ ಇಟ್ಟುಕೊಂಡರೆ ಸಾಲದು ಶ್ರುತಿಪ್ರಿಯ. ಪಕ್ಕವಾದ್ಯದವರ ಹೆಸರನ್ನು ಪ್ರತಿ ಫೈಲ್‌ನ ಒಳಗೇ ಟೈಪ್ ಮಾಡಿ. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಅನ್ನುವ ಹೆಸರಲ್ಲಿ ಬಂದವು. ಎರಡೂ ಹೆಸರು ಹಾಕಿ, ಇಲ್ಲದಿದ್ದರೆ ಹುಡುಕಿದಾಗ ಸಿಗುವುದಿಲ್ಲ.