ಹಡಗಿಗೆ ಫಿಲ್ಮ್ ಕ್ಯಾಮೆರಾ ಒಯ್ಯಬೇಕು ಅಂತಿದ್ದೇನೆ, ರೀಲು ಉಳಿಯುತ್ತದಾ?

ಕಾಳಿ ದಂಡೆಯವ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಸದಾಶಿವಗಡದ ಕಡೆ ಮನೆ. ಮರ್ಚೆಂಟ್ ನೇವಿಯಲ್ಲಿ ಫೋರ್ತ್ ಎಂಜಿನಿಯರ್. ಈಗ ರಜೆಯಲ್ಲಿದ್ದೇನೆ, ಮಳೆ ಕಡಿಮೆ ಆಗೋ ಹೊತ್ತಿಗೆ ಮತ್ತೆ ಜಾಯಿನ್ ಆಗಬೇಕು. ಈ ಸಲ ಟ್ಯಾಂಕರ್ ಅಂದಿದ್ದಾರೆ, ಆರು ತಿಂಗಳ ಕಾಂಟ್ರಾಕ್ಟು.

ರಜೆಯಲ್ಲಿ ಫಿಲ್ಮ್ ಫೋಟೋಗ್ರಫಿ ಹುಚ್ಚು ಹಿಡಿದಿದೆ. ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ1000 ತಗೊಂಡು ದೇವಬಾಗ, ಮಾಜಾಳಿ, ಬೈತಖೋಲ ಧಕ್ಕೆ ಎಲ್ಲ ಸುತ್ತಿದೆ. ಚೆನ್ನಾಗಿ ಬಂದಿವೆ. ಈಗ ಅದನ್ನು ಮನೆಯಲ್ಲಿ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಆದರೆ ಹಡಗಿನಲ್ಲಿ ಎಂಜಿನ್ ರೂಮು ಅಂದ್ರೆ 40 ಡಿಗ್ರಿ ಮೇಲೆಯೇ ಇರುತ್ತದೆ, ಹೊರಗೆ ಬಂದರೆ ಉಪ್ಪು ಗಾಳಿ, ಹಡಗು ಹತ್ತೋಕೆ ಮುಂಚೆ ಮೂರ್ನಾಲ್ಕು ಏರ್‌ಪೋರ್ಟು ದಾಟಬೇಕು, ಮತ್ತೆ ತೆಗೆದ ರೀಲನ್ನು ತೊಳೆಸೋಕೆ ಅರ್ಧ ವರ್ಷ ಕಾಯಬೇಕು. ಇಷ್ಟೆಲ್ಲ ಆದಮೇಲೆ ರೀಲಿನಲ್ಲಿ ಏನಾದರೂ ಉಳಿದಿರುತ್ತದಾ? ಹಡಗಿನಲ್ಲೇ ಬ್ಲ್ಯಾಕ್ ಅಂಡ್ ವೈಟ್ ತೊಳೆಯೋದು ಸಾಧ್ಯವಾ? ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ಕಲರ್ ಒಯ್ಯಲಾ, ಕಪ್ಪು ಬಿಳುಪು ಒಯ್ಯಲಾ ಅನ್ನೋದೂ ತೀರ್ಮಾನ ಆಗಿಲ್ಲ.

ಅಂಕೋಲೆ ಮೇಟ್

ಒಯ್ಯಿ, ಅಡ್ಡಿಲ್ಲ. ನಾನು ಸೆಕೆಂಡ್ ಆಫೀಸರ್, ಬಲ್ಕ್ ಕ್ಯಾರಿಯರ್‌ನಲ್ಲೂ ಟ್ಯಾಂಕರ್‌ನಲ್ಲೂ ಕ್ಯಾಮೆರಾ ಜೊತೆಗೇ ಓಡಾಡಿದ್ದೇನೆ.

ಮೊದಲು ಟ್ಯಾಂಕರ್ ವಿಷಯ. ಕಾರ್ಗೋ ಡೆಕ್ ಮೇಲೆ ಮೊಬೈಲ್ ಬಿಡೋದಿಲ್ಲ ಅಂತ ನಿನಗೆ ಗೊತ್ತೇ ಇದೆ, ಕ್ಯಾಮೆರಾಗೂ ಅದೇ ಲೆಕ್ಕ. ಕೆ1000ದ ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗಿರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ, ಹಾಗಾಗಿ ಬ್ಯಾಟರಿ ತೆಗೆದಿಟ್ಟರೆ ಆಯ್ತಲ್ಲ ಅಂತ ಅನ್ನಿಸಬಹುದು. ಆ ವಾದವನ್ನು ಚೀಫ್ ಆಫೀಸರ್ ಮುಂದೆ ತರಬೇಡ. ಹಡಗು ಹತ್ತಿದ ಮೊದಲ ವಾರವೇ ಕ್ಯಾಮೆರಾ ತೋರಿಸಿ, ಎಲ್ಲಿ ತೆಗೆಯಬಹುದು ಅಂತ ಕೇಳು. ಅಕಾಮಡೇಶನ್, ಬ್ರಿಜ್, ಮೆಸ್ ರೂಮು, ಇಲ್ಲಿ ಸಾಮಾನ್ಯವಾಗಿ ತಕರಾರು ಇರೋದಿಲ್ಲ. ಫ್ಲ್ಯಾಶ್ ಮಾತ್ರ ಮನೆಯಲ್ಲೇ ಬಿಟ್ಟು ಬಾ.

ಬಂದರಿನಲ್ಲಿ ಕ್ಯಾಮೆರಾ ಒಳಗಿಡು. 2004ರಲ್ಲಿ ಐಎಸ್‌ಪಿಎಸ್ ಕೋಡ್, ಅಂದರೆ ಹಡಗು ಬಂದರುಗಳ ಭದ್ರತಾ ನಿಯಮ, ಬಂದಮೇಲೆ ಟರ್ಮಿನಲ್‌ಗಳಲ್ಲಿ ಫೋಟೋ ಅಂದರೆ ಸೆಕ್ಯುರಿಟಿಯವರು ಮೈಮೇಲೆ ಬರುತ್ತಾರೆ. ನಿಮ್ಮೂರಿನಲ್ಲಿ ಕದಂಬ ನೌಕಾನೆಲೆ ಇರುವುದರಿಂದ ಅರ್ಗಾ, ಬಿಣಗಾ ಕಡೆಯವರಿಗೆ ಇದು ಹೊಸದೇನೂ ಅಲ್ಲ ಬಿಡು. ಇನ್ನೊಂದು, ಕ್ರೂ ಎಫೆಕ್ಟ್ಸ್ ಡಿಕ್ಲರೇಷನ್ (ಕಸ್ಟಮ್ಸ್‌ಗೆ ಕೊಡೋ ಸ್ವಂತ ಸಾಮಾನಿನ ಪಟ್ಟಿ) ತುಂಬುವಾಗ ಕ್ಯಾಮೆರಾ, ಲೆನ್ಸ್ ಎರಡನ್ನೂ ಬರೆ. ಹಳೆ ಕಬ್ಬಿಣ ಯಾರು ಕೇಳ್ತಾರೆ ಅಂತ ಬಿಡುವವರಿದ್ದಾರೆ. ಕಸ್ಟಮ್ಸ್‌ನವನಿಗೆ ಅದು ಹಳೆಯದು ಅಂತ ಕಾಣೋದಿಲ್ಲ, ಕ್ಯಾಮೆರಾ ಅಂತಲೇ ಕಾಣುತ್ತದೆ.

ಶಾಖಕ್ಕೆ ಜಾಸ್ತಿ ಹೆದರಬೇಡ. ಕ್ಯಾಬಿನ್ ಎಸಿ ಇರುತ್ತದೆ, ಆರು ತಿಂಗಳಿಗೆ ಅಷ್ಟು ಸಾಕು. ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡ ಅಷ್ಟೆ. ಇನ್ನೂ ಭದ್ರ ಬೇಕು ಅಂದರೆ ಚೀಫ್ ಕುಕ್ ಸ್ನೇಹ ಮಾಡು, ತರಕಾರಿ ಕೋಲ್ಡ್ ರೂಮಿನಲ್ಲಿ 4 ಡಿಗ್ರಿ ಆಸುಪಾಸು ಇರುತ್ತದೆ, ಒಂದು ಮೂಲೆಯಲ್ಲಿ ಡಬ್ಬಿ ಇಡೋಕೆ ಬಿಡುತ್ತಾನೆ. ಆದರೆ ಅಲ್ಲಿಂದ ತಂದ ರೀಲನ್ನು ಕೂಡಲೇ ಬಿಚ್ಚಬಾರದು. ಮುಚ್ಚಿದ ಡಬ್ಬಿಯಲ್ಲೇ ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ತೆಗೆ, ಇಲ್ಲದಿದ್ದರೆ ಫಿಲ್ಮಿನ ಮೇಲೆ ನೀರು ಕಟ್ಟುತ್ತದೆ. ಕ್ಯಾಮೆರಾಗೂ ಹೀಗೇ. ಎಸಿ ಕ್ಯಾಬಿನ್‌ನಿಂದ ನೇರ ಪರ್ಷಿಯನ್ ಗಲ್ಫ್ ಸೆಕೆಗೆ ತಂದರೆ ಲೆನ್ಸು ಮಂಜಾಗುತ್ತದೆ, ಬ್ಯಾಗಿನಲ್ಲೇ ಅರ್ಧ ಗಂಟೆ ಇಟ್ಟು ತೆಗಿ.

ರೀಲಿಗೆ ನಿಜವಾದ ಶತ್ರು ಏರ್‌ಪೋರ್ಟು. ಚೆಕ್-ಇನ್ ಬ್ಯಾಗಿನಲ್ಲಿ ಫಿಲ್ಮ್ ಹಾಕಲೇಬೇಡ, ಅಲ್ಲಿಯ ಸ್ಕ್ಯಾನರ್ ತುಂಬ ಜೋರು. ಕೈ ಬ್ಯಾಗಿನ ಹಳೆ ಎಕ್ಸ್‌ರೇ ಮಷಿನ್ 400 ಸ್ಪೀಡಿನ (ಸ್ಪೀಡ್ ಅಂದರೆ ಬೆಳಕು ಹಿಡಿಯೋ ಶಕ್ತಿ) ಫಿಲ್ಮಿಗೆ ಒಂದೆರಡು ಸಲ ಏನೂ ಮಾಡೋದಿಲ್ಲ, ಆದರೆ ಹೊಡೆತ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಈಗ ಬರುತ್ತಿರುವ ಸಿಟಿ ಸ್ಕ್ಯಾನರ್‌ಗಳ ಒಳಗಂತೂ ಒಂದು ಸಲವೂ ಹೋಗಬಾರದು ಅಂತ ಕೊಡಾಕ್‌ನವರೇ ಹೇಳುತ್ತಾರೆ. ಖಾಲಿ ರೀಲಾದರೂ ತೆಗೆದ ರೀಲಾದರೂ ಒಂದೇ. ಗೋವಾ, ಮುಂಬೈ, ಆಮೇಲೆ ದುಬೈಯೋ ದೋಹಾವೋ, ಅಲ್ಲಿಂದ ಹಡಗಿರೋ ಊರು, ವಾಪಸು ಬರುವಾಗ ಮತ್ತೆ ಅಷ್ಟೇ. ರೀಲುಗಳನ್ನು ಬಾಕ್ಸಿನಿಂದ ತೆಗೆದು ಪಾರದರ್ಶಕ ಜಿಪ್ ಕವರಿನಲ್ಲಿ ಹಾಕಿಟ್ಟುಕೊಂಡು, ಸಾಲಿನಲ್ಲಿ ನಿಂತಾಗಲೇ ಕೈಯಲ್ಲಿ ಹಿಡಿದು ನಗುನಗುತ್ತಾ ಹ್ಯಾಂಡ್ ಚೆಕ್ ಕೇಳು. ಕೆಲವರು ಮಾಡುತ್ತಾರೆ, ಕೆಲವರು ಮಾಡೋದಿಲ್ಲ. ಸೀಸದ ಚೀಲ ಬೇಡ, ಒಳಗೇನಿದೆ ಕಾಣದಿದ್ದರೆ ಅವರು ಅನುಮಾನ ಪಟ್ಟು ಮತ್ತೊಮ್ಮೆ ತಳ್ಳುತ್ತಾರೆ. ಕ್ಯಾಮೆರಾ ಒಳಗೆ ರೀಲು ಹಾಕಿಕೊಂಡು ಮಾತ್ರ ಪ್ರಯಾಣ ಮಾಡಬೇಡ.

ಕಡೇದಾಗಿ ಒಂದು ಮಾತು, ಇದು ನನ್ನ ಅಭಿಪ್ರಾಯ. ಸಮುದ್ರದ ಫೋಟೋ ತೆಗೆಯೋಕೆ ರೀಲು ಖರ್ಚು ಮಾಡಬೇಡ. ಮೊದಲ ವಾರ ಎಲ್ಲರೂ ಸೂರ್ಯಾಸ್ತ ತೆಗೆಯುತ್ತಾರೆ. ಅರಬ್ಬಿ ಸಮುದ್ರದ ಗೆರೆಗೂ ಅಟ್ಲಾಂಟಿಕ್ ಗೆರೆಗೂ ಫೋಟೋದಲ್ಲಿ ಏನೂ ವ್ಯತ್ಯಾಸ ಇರೋದಿಲ್ಲ. ಜನರನ್ನು ತೆಗಿ. ಬೋಸನ್ ಹಗ್ಗ ಹೆಣೆಯುತ್ತಿರೋದು, ಮೋಟರ್‌ಮ್ಯಾನ್ ಪ್ಯೂರಿಫೈಯರ್ ಬಿಚ್ಚಿ ಕೂತಿರೋದು, ಭಾನುವಾರ ಮೆಸ್ಸಿನಲ್ಲಿ ಬಿರಿಯಾನಿ. ಕಾಂಟ್ರಾಕ್ಟ್ ಮುಗಿದಮೇಲೆ ಇವರಲ್ಲಿ ಬಹಳ ಜನರನ್ನು ಮತ್ತೆ ನೋಡೋದೇ ಇಲ್ಲ. ಅವರವರ ಪ್ರಿಂಟ್ ತೆಗೆಸಿ ಮನೆ ವಿಳಾಸಕ್ಕೆ ಕಳಿಸು. ಆಮೇಲೆ ಅವರ ಫೋನು ಬಂದಾಗ ಗೊತ್ತಾಗುತ್ತದೆ.

ಹೊನ್ನಾವರ ಬೋಟು

ಮೊಬೈಲ್ ಸಾಕು ಮಾರಾಯ. ರೀಲು, ತೊಳೆಸೋದು, ಸ್ಕ್ಯಾನು, ಕೊರಿಯರ್ ಎಲ್ಲ ಸೇರಿಸಿದರೆ ಒಂದು ಫೋಟೋಗೆ ನಲವತ್ತು ಐವತ್ತು ರೂಪಾಯಿ ಬೀಳುತ್ತದೆ. ಅಷ್ಟಕ್ಕೆ ಬಂಗಡೆ ಬರ್ತದೆ.

ಸರಿ, ಹಠ ಇದ್ದರೆ ಉಪ್ಪಿನ ವಿಷಯ ನನ್ನ ಹತ್ತಿರ ಕೇಳು, ಪರ್ಸೀನ್ ಮೀನುಗಾರಿಕೆ ಬೋಟಿನಲ್ಲಿ ನಮಗೆ ಅದು ದಿನಾ ಮುಖಕ್ಕೇ ಬಡಿಯುತ್ತದೆ. ಲೆನ್ಸಿನ ಮುಂದೆ ಒಂದು ಯುವಿ ಫಿಲ್ಟರ್ ಹಾಕಿಬಿಡು, ಉಪ್ಪು ಅದರ ಮೇಲೆ ಕೂರಲಿ. ಒಣ ಬಟ್ಟೆಯಲ್ಲಿ ಉಜ್ಜಬೇಡ, ಉಪ್ಪಿನ ಹರಳು ಗಾಜನ್ನು ಗೀರುತ್ತದೆ. ಸಿಹಿ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಅದರಲ್ಲಿ ಮೊದಲು ಒರೆಸು, ಆಮೇಲೆ ಒಣ ಬಟ್ಟೆ. ರೀಲು ಬದಲಿಸೋದು ಯಾವತ್ತೂ ಗಾಳಿಯ ಮರೆಯಲ್ಲಿ. ನನ್ನ ಹತ್ತಿರ ಇರೋದು ನಿಕೊನೋಸ್, ನೀರೊಳಗೆ ತೆಗೆಯೋ ಕ್ಯಾಮೆರಾ. ಅಲೆ ಬಿದ್ದರೆ ಬಕೆಟ್ ಸಿಹಿ ನೀರಿನಲ್ಲಿ ಮುಳುಗಿಸಿ ತೆಗೆಯುತ್ತೇನೆ. ಒ-ರಿಂಗ್‌ಗೆ ಗ್ರೀಸ್ ಹಾಕುತ್ತಿರಬೇಕು ಅಷ್ಟೆ. ಪೆಂಟಾಕ್ಸಿಗೆ ಆ ಗತಿ ಮಾಡಬೇಡ.

ಬಿಸಿಲಿನಲ್ಲಿ ಮೀಟರು ನಂಬಬೇಡ. ನೀರು, ಬಿಳಿ ಪೇಂಟು ಎಲ್ಲ ಫಳಫಳ ಅಂತ ಇರೋದರಿಂದ ಮೀಟರಿಗೆ ಬೆಳಕು ಜಾಸ್ತಿ ಕಂಡು ಮನುಷ್ಯರ ಮುಖ ಕಪ್ಪಾಗುತ್ತದೆ. ಮುಖ ಬೇಕಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು ಕೊಡು, ನೆಗೆಟಿವ್ ಫಿಲ್ಮ್ ತಡೆದುಕೊಳ್ಳುತ್ತದೆ.

ಇಷ್ಟು ಬರೆದಮೇಲೂ ಹೇಳ್ತೇನೆ, ಮೊಬೈಲ್ ಸಾಕು.

ಶಿರಸಿ ಕತ್ತಲೆಕೋಣೆ

ತಮಾ, ನಾನು ಸ್ಟುಡಿಯೋ ಇಟ್ಟವನು. ಊಟಿಯ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನ ‘ಇಂದು’ ಫಿಲ್ಮು ಬರುತ್ತಿದ್ದ ಕಾಲದಿಂದ ತೊಳೆಯುತ್ತಿದ್ದೇನೆ. ಆ ಫ್ಯಾಕ್ಟರಿ ಮುಚ್ಚಿತು. ನನ್ನ ಕತ್ತಲೆಕೋಣೆ ಇನ್ನೂ ಇದೆ, ಮಾರಿಕಾಂಬಾ ಜಾತ್ರೆ ಬಂದಾಗ ಮಾತ್ರ ಅದರಲ್ಲಿ ಅತ್ತಿಗೆಯವರ ಸಾಮಾನು ತುಂಬಿರುತ್ತದೆ.

ಹಡಗಿನಲ್ಲಿ ತೊಳೆಯೋ ವಿಚಾರ ಬಿಡು. ಆಗೋದಿಲ್ಲ ಅಂತಲ್ಲ. ಟ್ಯಾಂಕು, ಕತ್ತಲಲ್ಲಿ ರೀಲು ಬಿಚ್ಚೋ ಚೇಂಜಿಂಗ್ ಬ್ಯಾಗು, ಚಿತ್ರ ಮೂಡಿಸೋ ಡೆವಲಪರ್, ಅದನ್ನು ಉಳಿಸೋ ಫಿಕ್ಸರ್ ಇದ್ದರೆ ಬಾತ್‌ರೂಮಿನಲ್ಲೇ ಆಗುತ್ತದೆ. ಆದರೆ ಕೆಮಿಕಲ್ ಹಿಡಿದು ವಿಮಾನ ಹತ್ತಬೇಕು, ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಸಮುದ್ರಕ್ಕೆ ಚೆಲ್ಲೋ ಹಾಗಿಲ್ಲ, ಮಾರ್ಪೋಲ್ ಅಂತ ಹಡಗುಗಳು ಸಮುದ್ರ ಕೆಡಿಸದಂತೆ ತಡೆಯೋ ನಿಮ್ಮದೇ ಕಾನೂನು ಇದೆಯಲ್ಲ. ಜೊತೆಗೆ ನೀರಿನ ಬಿಸಿ ಬೇರೆ. ಎಚ್‌ಪಿ5  ಅನ್ನೋ ಕಪ್ಪು ಬಿಳುಪು ಫಿಲ್ಮನ್ನು ಡಿ-76 ಡೆವಲಪರಿನಲ್ಲಿ ಒಂದಕ್ಕೊಂದು ನೀರು ಬೆರೆಸಿ ತೊಳೆದರೆ 20 ಡಿಗ್ರಿಗೆ 11 ನಿಮಿಷ. 24 ಡಿಗ್ರಿ ಆದರೆ ಎಂಟರ ಹತ್ತಿರಕ್ಕೆ ಬರುತ್ತದೆ. 30 ಡಿಗ್ರಿ ನೀರಿನಲ್ಲಿ ಟೈಮು ಎಷ್ಟು ಕಡಿಮೆ ಆಗುತ್ತದೆ ಅಂದರೆ ಕೈ ಸ್ವಲ್ಪ ತಡವಾದರೂ ನೆಗೆಟಿವ್ ಕಪ್ಪು. ನಮ್ಮ ಘಟ್ಟದ ಮೇಲೆ ಚಳಿಗಾಲದಲ್ಲಿ ನಲ್ಲಿ ನೀರೇ ಸರಿಯಾಗುತ್ತದೆ. ಕಾರವಾರದಲ್ಲಿ ಐಸ್ ಹಾಕದೆ ಗತಿಯಿಲ್ಲ.

ಕೈ ತುರಿಕೆ ತೀರಲೇಬೇಕು ಅಂದರೆ ರಜೆಯಲ್ಲಿ ಮನೆಯಲ್ಲಿ ಕೆಫೆನಾಲ್ ಮಾಡಿ ನೋಡು. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ, ಇಷ್ಟೇ ಡೆವಲಪರ್. ಕಾಫಿಯಲ್ಲಿ ತೊಳೆಯೋ ಉಪಾಯ 1995ರಲ್ಲಿ ಅಮೆರಿಕದ ರೋಚೆಸ್ಟರ್‌ನ ಕಾಲೇಜಿನವರು ಕಂಡುಹಿಡಿದದ್ದು. ಅಡುಗೆ ಸೋಡಾ ಹಾಕಬೇಡ, ವಾಷಿಂಗ್ ಸೋಡಾನೇ ಬೇಕು. ಫಿಕ್ಸರ್ ಮಾತ್ರ ನಿಜವಾದದ್ದೇ ಬೇಕು. ವಾಸನೆ ಹೊಲಸು, ಮನೆಯವರು ಬೈದರೆ ನನ್ನ ಹೆಸರು ಹೇಳಬೇಡ.

ಆರು ತಿಂಗಳು ಕಾದರೆ ಚಿತ್ರ ಹೋಗುತ್ತದಾ ಅಂದೆ. ತಂಪಿನಲ್ಲಿ ಇಟ್ಟರೆ ಎಚ್‌ಪಿ5, ಟ್ರೈ-ಎಕ್ಸ್, ಕೊಡಾಕ್ ಗೋಲ್ಡ್ ಇವಕ್ಕೆಲ್ಲ ಕಣ್ಣಿಗೆ ಕಾಣೋ ಅಂಥದ್ದೇನೂ ಆಗೋದಿಲ್ಲ. ಇಲ್ಫರ್ಡ್ ಪ್ಯಾನ್ ಎಫ್ ಒಂದನ್ನು ಒಯ್ಯಬೇಡ, ಅದರ ಮೇಲೆ ಬಿದ್ದ ಚಿತ್ರ ಬೇಗ ಮಾಸುತ್ತದೆ, ಮೂರು ತಿಂಗಳೊಳಗೆ ತೊಳೆಯಿರಿ ಅಂತ ಕಂಪನಿಯವರೇ ಹೇಳಿದ್ದಾರೆ. ಸಿನಿಮಾ ಫಿಲ್ಮನ್ನು ಸಣ್ಣ ಡಬ್ಬಿಗೆ ತುಂಬಿ ಮಾರುವವರಿದ್ದಾರೆ, ಅಗ್ಗ ಅಂತ ಕೊಳ್ಳುವ ಮೊದಲು ಕೇಳು. ಹಿಂದೆ ರೆಮ್‌ಜೆಟ್ ಅನ್ನೋ ಕರಿ ಪದರ ಇದ್ದರೆ ಸಾಮಾನ್ಯ ಸಿ-41 (ಕಲರ್ ನೆಗೆಟಿವ್ ತೊಳೆಯೋ) ಲ್ಯಾಬಿನವರು ಮುಟ್ಟೋದಿಲ್ಲ, ಅವರ ಕೆಮಿಕಲ್ ಎಲ್ಲ ಕೆಡುತ್ತದೆ.

ನಿನಗೆ ಕಪ್ಪು ಬಿಳುಪೇ ಸರಿ. ಎಂಜಿನ್ ರೂಮಿನ ಟ್ಯೂಬ್‌ಲೈಟಿನಲ್ಲಿ ಕಲರ್ ತೆಗೆದರೆ ಎಲ್ಲರೂ ಹಸಿರಾಗಿ ಕಾಮಾಲೆ ಬಂದವರ ಥರ ಕಾಣುತ್ತಾರೆ. ಎಚ್‌ಪಿ5 ಹಾಕಿ, ಕ್ಯಾಮೆರಾದಲ್ಲಿ 1600 ಇಟ್ಟು ತೆಗಿ, ತೊಳೆಯುವಾಗ ಪುಶ್ ಮಾಡಿಕೊಳ್ಳಬಹುದು, ಅಂದರೆ ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡೋದು. ಕಂಬಿಗೆ, ರೇಲಿಂಗಿಗೆ ಒರಗಬೇಡ, ಎಂಜಿನ್ ನಡುಕ ಎಲ್ಲ ಕ್ಯಾಮೆರಾಗೆ ಬರುತ್ತದೆ. ಕಾಲು ಅಗಲಿಸಿ ನಿಂತು ಕೈಯಲ್ಲೇ ಹಿಡಿ.

ಮತ್ತೆ ಎಲ್ಲರೂ ಹಡಗಿನ ಬಗ್ಗೆಯೇ ಹೇಳಿದರು. ಲೆನ್ಸು ಹಾಳಾಗೋದು ಹಡಗಿನಲ್ಲಲ್ಲ, ಕಾರವಾರದ ನಿಮ್ಮ ಮನೆಯ ಕಪಾಟಿನಲ್ಲಿ. ಮಳೆಗಾಲದಲ್ಲಿ ಚರ್ಮದ ಕೇಸಿನೊಳಗೆ ಇಟ್ಟರೆ ಬೂಸ್ಟು ಗ್ಯಾರಂಟಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರೋ ನೀಲಿ ಸಿಲಿಕಾ ಜೆಲ್. ಬಣ್ಣ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಹಾಕು. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡ. ಅಕ್ಕಿ ಡಬ್ಬಿಯಲ್ಲಿ ಇಡಿ ಅಂತ ಯಾರೋ ಹೇಳ್ತಾರೆ, ಧೂಳು ಬಿಟ್ಟರೆ ಬೇರೇನೂ ಸಿಗೋದಿಲ್ಲ.

ಕಾಳಿ ದಂಡೆಯವ

ಎಲ್ಲರಿಗೂ ಥ್ಯಾಂಕ್ಸ್. ಚರ್ಮದ ಕೇಸ್ ಓದಿದ ಕೂಡಲೇ ಎದ್ದು ಹೋಗಿ ತೆಗೆದೆ, ಲೆನ್ಸು ಸದ್ಯ ಸ್ವಚ್ಛ ಇದೆ. ಎಚ್‌ಪಿ5 ಮಾತ್ರ ಒಯ್ಯುತ್ತೇನೆ, ಹತ್ತು ರೀಲಿನ ಒಳಗೇ. ಹೊನ್ನಾವರದ ಅಣ್ಣಾ, ಬಂಗಡೆ ಲೆಕ್ಕ ನಮ್ಮ ಅಮ್ಮನಿಗೆ ಹೇಳಬೇಡಿ.

ಶಿರಸಿಯವರ ಹತ್ತಿರ ಒಂದು ಕೇಳೋದಿದೆ. ಒಂದೇ ರೀಲಿನಲ್ಲಿ ಹೊರಗಿನ ಬಿಸಿಲಿನ ಫೋಟೋ 400ರಲ್ಲಿ, ಎಂಜಿನ್ ರೂಮಿನದು 1600ರಲ್ಲಿ ತೆಗೆದರೆ ನಡೆಯುತ್ತದಾ? ವಾಪಸು ಬಂದಮೇಲೆ ನಿಮ್ಮ ಹತ್ತಿರವೇ ತೊಳೆಸಬಹುದಾ?

ಶಿರಸಿ ಕತ್ತಲೆಕೋಣೆ

ನಡೆಯೋದಿಲ್ಲ. ಇಡೀ ರೀಲು ಒಟ್ಟಿಗೇ ಒಂದೇ ಟೈಮಿಗೆ ತೊಳೆಯೋದಲ್ವಾ, ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಹೊರಗಿಗೆ ಬೇರೆ ರೀಲು, ಒಳಗಿಗೆ ಬೇರೆ. ಮಧ್ಯದಲ್ಲಿ ಬದಲಿಸಲೇಬೇಕಾದರೆ ಎಷ್ಟನೇ ಫೋಟೋ ಅಂತ ಬರೆದಿಟ್ಟುಕೊಂಡು, ಮೆಲ್ಲಗೆ ಸುತ್ತಿ, ಫಿಲ್ಮಿನ ಬಾಲ ಡಬ್ಬಿಯೊಳಗೆ ಹೋಗೋಕೆ ಮುಂಚೆ ನಿಲ್ಲಿಸು. ಆಮೇಲೆ ಅದೇ ರೀಲು ಹಾಕಿ, ಲೆನ್ಸು ಮುಚ್ಚಿ, ಆ ನಂಬರಿಗಿಂತ ಎರಡು ಮುಂದಕ್ಕೆ ಓಡಿಸಿಕೊಂಡರೆ ಆಯ್ತು.

ತಗೊಂಡು ಬಾ, ತೊಳೆದು ಕೊಡುತ್ತೇನೆ. 1600ರಲ್ಲಿ ತೆಗೆದ ರೀಲಿನ ಮೇಲೆ ಟೇಪು ಅಂಟಿಸಿ ದಪ್ಪಕ್ಕೆ ಬರಿ. ಬರೆಯದೆ ತಂದರೆ ನಾನು 400 ಅಂತಲೇ ತೊಳೆಯೋದು.